ಫಾರ್ಮಲಿನ್‌ಗೆ ಹಾಕಿದ ಬಳಚು

ನಮ್ಮ ಕಡೆಯವರಿಗೆ ಸಮುದ್ರ ಅಂದರೆ ಗೋಕರ್ಣ. ಶಿವರಾತ್ರಿಗೆ ಹೋಗಿ, ಮೊಣಕಾಲುದ್ದ ನೀರಿನಲ್ಲಿ ನಿಂತು, ಮೂರು ಸಲ ತಲೆಗೆ ನೀರು ಹಾಕಿಕೊಂಡು, ದೇವರ ದರ್ಶನ ಮಾಡಿ ಬಂದರೆ ಮುಗಿಯಿತು. ನಾನು ಹಿರೇಕೆರೂರು ತಾಲೂಕಿನವಳು. ಗೋವಿನಜೋಳ, ಹತ್ತಿ ಬೆಳೆಯುವ ಊರು. ಮನೆಯಲ್ಲಿ ಮೊಟ್ಟೆ ಕೂಡ ಒಡೆದವರಿಲ್ಲ. ಬಿಎಸ್ಸಿಯಲ್ಲಿ ಸಿಬಿಝಡ್, ಅಂದರೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದ್ದೆ. ಅದಾದ ಮೇಲೆ ಕಾರವಾರಕ್ಕೆ ಹೋಗಿ ಕಡಲ ಜೀವಶಾಸ್ತ್ರ ಓದುತ್ತೇನೆ ಅಂದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲವಾ, ಮೀನ ಕೊಯ್ಯಾಕ ಎಮ್ಮೆಸ್ಸಿ ಯಾಕ ಬೇಕ?" ಅಂದ.

ಅಪ್ಪನ ಪ್ರಶ್ನೆಗೆ ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಟೀವಿಯಲ್ಲಿ ಡಾಲ್ಫಿನ್ ನೋಡಿದ್ದೆ, ಹವಳದ ದಿಬ್ಬ ನೋಡಿದ್ದೆ. ಅಷ್ಟೇ ನನ್ನ ಸಿದ್ಧತೆ.

ಮೊದಲು ಒಂದು ಗೊಂದಲ ಬಿಡಿಸಿಬಿಡುತ್ತೇನೆ, ಯಾಕೆಂದರೆ ಇವತ್ತಿಗೂ ಹುಡುಗರು ಇದನ್ನೇ ಕೇಳುತ್ತಾರೆ. ಮಂಗಳೂರಿನ ಮೀನುಗಾರಿಕೆ ಕಾಲೇಜು ಬೇರೆ. ಅದು 1969ರಲ್ಲಿ ಶುರುವಾದದ್ದು, ದೇಶದಲ್ಲೇ ಮೊದಲನೆಯದು. ಪಿಯುಸಿ ಮುಗಿಸಿ ಅಲ್ಲಿ ಬಿಎಫ್‌ಎಸ್ಸಿ ಸೇರುತ್ತಾರೆ. ಮೀನು ಸಾಕಣೆ, ಸಂಸ್ಕರಣೆ, ಬಲೆ, ಮಾರುಕಟ್ಟೆ ಎಲ್ಲಾ ಅದರಲ್ಲಿ ಬರುತ್ತದೆ. ಕಡಲ ಜೀವಶಾಸ್ತ್ರ ಅಂದರೆ ಬಿಎಸ್ಸಿ ಆದ ಮೇಲೆ ಮಾಡುವ ಎಂಎಸ್ಸಿ. ಕರ್ನಾಟಕ ವಿಶ್ವವಿದ್ಯಾಲಯದ ಆ ವಿಭಾಗ ಇರುವುದು ಧಾರವಾಡದಲ್ಲಲ್ಲ, ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಸಮುದ್ರ ಸೇರುವ ಜಾಗದಲ್ಲಿ. ಕಡಲ ಜೈವಿಕ ತಂತ್ರಜ್ಞಾನವೇ ಬೇಕು ಅನ್ನುವವರು ಗೋವಾ ವಿಶ್ವವಿದ್ಯಾಲಯದ ಕಡೆ ನೋಡುತ್ತಾರೆ. ನಾನು ಕಾರವಾರಕ್ಕೆ ಹೋದೆ. ಜೀನು ಡಿಎನ್‌ಎ ಎಲ್ಲಾ ಆಮೇಲೆ ನನ್ನ ತಲೆಗೆ ಹೊಕ್ಕಿದ್ದು.

ಮೊದಲ ವಾರವೇ ಬಂಗಡೆ ಕೊಯ್ಯಬೇಕಾಯಿತು. ಮೂಗಿಗೆ ಕರ್ಚೀಫ್ ಕಟ್ಟಿಕೊಂಡೆ. ಎರಡನೇ ವಾರ ಕರ್ಚೀಫ್ ಮರೆತೇ ಹೋಯಿತು. ಮೀನು ತಿನ್ನುವುದನ್ನು ಇವತ್ತಿಗೂ ಕಲಿತಿಲ್ಲ, ಕೊಯ್ಯುವುದು ಮಾತ್ರ ಚೆನ್ನಾಗಿ ಬರುತ್ತದೆ.

ಡಾಲ್ಫಿನ್ ಆಸೆ ಬಿಟ್ಟುಹೋದದ್ದು ದೋಣಿಯಲ್ಲಿ. ನಮ್ಮ ಕೆಲಸದಲ್ಲಿ ಹೆಚ್ಚಿನದೆಲ್ಲಾ ನೀರು, ಕೆಸರು ಮತ್ತು ಲೆಕ್ಕ. ನೀರಿನಲ್ಲಿ ಕರಗಿದ ಆಮ್ಲಜನಕ ಎಷ್ಟಿದೆ ಅಂತ ನೋಡಲು ವಿಂಕ್ಲರ್ ವಿಧಾನ ಇದೆ. ಗುಳ್ಳೆ ಬಾರದ ಹಾಗೆ ಬಾಟಲಿ ತುಂಬಬೇಕು. ಅಲ್ಲೇ, ದೋಣಿಯಲ್ಲೇ, ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೊಡೈಡ್ ಹಾಕಬೇಕು. ಆಮ್ಲಜನಕ ಇದ್ದರೆ ಕಂದು ಬಣ್ಣದ ಗಸಿ ಕೂರುತ್ತದೆ, ಇಲ್ಲದಿದ್ದರೆ ಬಿಳಿ. ಅದನ್ನು ಲ್ಯಾಬ್‌ಗೆ ತಂದು ಆಮ್ಲ ಹಾಕಿ, ಥಯೋಸಲ್ಫೇಟ್ ಹನಿಸುತ್ತಾ ಹೋದರೆ, ಗಂಜಿಯಿಂದ ಬಂದ ನೀಲಿ ಬಣ್ಣ ಒಂದೇ ಹನಿಗೆ ಮಾಯವಾಗುತ್ತದೆ. ಓದಿದರೆ ಸುಲಭ. ದೋಣಿ ಹೊಯ್ದಾಡುವಾಗ, ಹೊಟ್ಟೆ ತೊಳಸುವಾಗ, ಪಿಪೆಟ್ಟಿನಲ್ಲಿ 1 ಮಿಲಿ ಸರಿಯಾಗಿ ಅಳೆಯುವುದು ಬೇರೆ ವಿಷಯ. ನಾನು ಮೊದಲ ಸಲ ತಂದ ಆರು ಬಾಟಲಿಯಲ್ಲಿ ನಾಲ್ಕರಲ್ಲಿ ಗುಳ್ಳೆ ಇತ್ತು.

ಇನ್ನು ಪ್ಲವಕ, ಅಂದರೆ ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು ಎಣಿಸುವುದು. ಸೆಡ್ಜ್‌ವಿಕ್ ರಾಫ್ಟರ್ ಅಂತ ಒಂದು ಗಾಜಿನ ತಟ್ಟೆ, ಅದರಲ್ಲಿ 1 ಮಿಲಿ ನೀರು, 1000 ಚೌಕ. ಸೂಕ್ಷ್ಮದರ್ಶಕದಲ್ಲಿ ಚೌಕ ಚೌಕ ನೋಡುತ್ತಾ ಕೂರಬೇಕು. ರಾತ್ರಿ ಕಣ್ಣು ಮುಚ್ಚಿದರೂ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳೇ ಕಾಣುತ್ತಿದ್ದವು.

ಕಾಳಿ ನದಿಯಲ್ಲಿ ನನಗೆ ಪಾಠ ಹೇಳಿದವರು ಪ್ರಾಧ್ಯಾಪಕರು ಮಾತ್ರ ಅಲ್ಲ. ಇಳಿತದ ಹೊತ್ತಿಗೆ ಬಳಚು, ಅಂದರೆ ಮರಳಿನಲ್ಲಿ ಹುದುಗಿರುವ ಎರಡು ಚಿಪ್ಪಿನ ಜೀವಿ, ಆರಿಸಲು ಹೆಂಗಸರು ಬರುತ್ತಾರೆ. ಸೊಂಟದವರೆಗೆ ನೀರಿನಲ್ಲಿ ನಿಂತು ಕಾಲಲ್ಲೇ ಮರಳು ತಡಕುತ್ತಾರೆ. ಕಾಲಿಗೆ ಸಿಕ್ಕಿದ್ದು ಕಲ್ಲೋ ಬಳಚೋ ಅಂತ ನೋಡದೇ ಗೊತ್ತು. ನಾನು ಪ್ರತಿ ಸಲ ಉಬ್ಬರ ಇಳಿತದ ಪಟ್ಟಿ ಹಿಡಿದುಕೊಂಡು ಹೋಗುತ್ತಿದ್ದೆ. ಒಂದು ದಿನ ಅವರಲ್ಲಿ ಹಿರಿಯಾಕೆ ನಕ್ಕು, "ತಂಗೀ, ಇವತ್ತು ಅಷ್ಟಮಿ ಅಲ್ವಾ? ನೀರು ಏನೂ ಇಳಿಯೂದಿಲ್ಲ, ಮನೆಗೆ ಹೋಗು" ಅಂದರು. ಪಟ್ಟಿ ಹೇಳುವುದೂ ಅದನ್ನೇ. ಅಮಾವಾಸ್ಯೆ, ಹುಣ್ಣಿಮೆಗೆ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಅಷ್ಟಮಿಯ ಆಸುಪಾಸು ಎರಡೂ ಕಮ್ಮಿ. ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ನಾನು ಪುಸ್ತಕದಲ್ಲಿ ಹುಡುಕಿದ್ದು ಅವರ ಮನೆ ಕ್ಯಾಲೆಂಡರಿನಲ್ಲೇ ಇತ್ತು.

ಎರಡನೇ ವರ್ಷದ ಪ್ರಬಂಧಕ್ಕೆ ಬಳಚನ್ನೇ ಆರಿಸಿಕೊಂಡೆ. ಕಾಳಿಯಲ್ಲಿ ಒಂದೇ ಬಳಚು ಇಲ್ಲ. ಸಮುದ್ರದ ಬಾಯಿಯ ಹತ್ತಿರ, ಉಪ್ಪು ಜಾಸ್ತಿ ಇರುವ ಕಡೆ ಪಾಫಿಯಾ ಮಲಬಾರಿಕಾ. ಸ್ವಲ್ಪ ಒಳಗೆ ಮೆರೆಟ್ರಿಕ್ಸ್ ಕಾಸ್ಟಾ. ಉಪ್ಪು ಕಮ್ಮಿ ಇರುವ ಮೇಲಿನ ಭಾಗದಲ್ಲಿ ಕಪ್ಪು ಚಿಪ್ಪಿನ ವಿಲ್ಲೊರಿಟಾ. ಇದರಲ್ಲಿ ಮೆರೆಟ್ರಿಕ್ಸ್ ತುಂಬಾ ಕಾಡುತ್ತದೆ. ಒಂದರ ಚಿಪ್ಪು ಹಳದಿ, ಇನ್ನೊಂದು ಕಂದು, ಮತ್ತೊಂದರ ಮೇಲೆ ಗೆರೆ. ಇವೆಲ್ಲಾ ಒಂದೇ ಜಾತಿಯೋ, ಬೇರೆ ಬೇರೆಯೋ? ಡಿಎನ್‌ಎ ಬಾರ್‌ಕೋಡ್ ಮಾಡಿ ನೋಡೋಣ ಅಂತ ತೀರ್ಮಾನವಾಯಿತು. ಮೈಟೊಕಾಂಡ್ರಿಯಾದ ಸಿಒಐ ಜೀನಿನ ಸುಮಾರು 650 ಅಕ್ಷರ ಓದಿದರೆ ಪ್ರಾಣಿಯ ಜಾತಿ ಹೇಳಬಹುದು. ವಿಚಾರ ಅಷ್ಟೇ.

ಮೂರು ಜಾಗ ಗುರುತಿಸಿಕೊಂಡೆ. ಒಂದು ಸದಾಶಿವಗಡದ ಹಳೇ ಸೇತುವೆ ಕೆಳಗೆ. 2024ರ ಆಗಸ್ಟ್‌ನಲ್ಲಿ ರಾತ್ರೋರಾತ್ರಿ ಕುಸಿಯಿತಲ್ಲ, ಅದೇ ಸೇತುವೆ. ಇನ್ನೆರಡು ನದಿಯಲ್ಲಿ ಮೇಲಕ್ಕೆ. ನವೆಂಬರಿನಿಂದ ಫೆಬ್ರವರಿವರೆಗೆ ತಿಂಗಳಿಗೊಮ್ಮೆ ಹೋದೆ. ಪ್ರತಿ ಜಾಗದಲ್ಲಿ ಐದು ಬಳಚು. ಒಟ್ಟು 12 ಬಾಟಲಿ, 60 ಬಳಚು. ಪ್ರತಿ ಸಲ ಉಪ್ಪಿನಂಶ, ಉಷ್ಣತೆ, ಆಮ್ಲಜನಕ ಬರೆದುಕೊಂಡೆ. ಬಾಟಲಿಗಳನ್ನು ಕಪಾಟಿನಲ್ಲಿ ಸಾಲಾಗಿ ಇಟ್ಟು ಫೋಟೊ ತೆಗೆದು ಅಪ್ಪನಿಗೆ ಕಳಿಸಿದ್ದೆ. ಅಷ್ಟು ಖುಷಿ.

ಮಾರ್ಚ್‌ನಲ್ಲಿ ಬಾಟಲಿ ಹೊತ್ತುಕೊಂಡು ಬೇರೆ ಊರಿನ ಒಂದು ಲ್ಯಾಬ್‌ಗೆ ಹೋದೆ. ಬಳಚಿನ ಮಾಂಸ ಅರೆದು ಡಿಎನ್‌ಎ ತೆಗೆದು, ಅದರಲ್ಲಿ ಬೇಕಾದ ತುಂಡನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್‌ಗೆ ಇಟ್ಟೆ. ಒಂದು ಸುತ್ತಿಗೆ ಡಿಎನ್‌ಎ ಎರಡು ಪಟ್ಟಾಗುತ್ತದೆ. ಎಲ್ಲಾ ಸರಿ ಇದ್ದರೆ 30 ಸುತ್ತಿಗೆ ಒಂದು ತುಂಡು 107 ಕೋಟಿ ಆಗಬೇಕು. ಡಿಎನ್‌ಎ ತುಂಡುಗಳನ್ನು ಗಾತ್ರದ ಪ್ರಕಾರ ಬಿಡಿಸಿ ತೋರಿಸುವ ಜೆಲ್ ಓಡಿಸಿ ನೋಡಿದರೆ ನನ್ನ ಸಾಲಿನಲ್ಲಿ ಏನೂ ಇಲ್ಲ. ಪಕ್ಕದಲ್ಲಿ ಪರೀಕ್ಷೆಗೆ ಅಂತ ಇಟ್ಟ ತಾಜಾ ಬಂಗಡೆಯ ಸಾಲು ಮಾತ್ರ ದೀಪ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಅಂದರೆ ಯಂತ್ರ ಸರಿ ಇದೆ, ರಾಸಾಯನಿಕ ಸರಿ ಇದೆ. ಮೂರು ದಿನ ಹಾಗೇ ಹೋಯಿತು. ನಾಲ್ಕನೇ ದಿನ ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಅಕ್ಕ ಒಬ್ಬರು, "ಸ್ಯಾಂಪಲ್ ಯಾವುದರಲ್ಲಿ ಇಟ್ಟಿದ್ದೆ?" ಅಂತ ಕೇಳಿದರು.

"10 ಪರ್ಸೆಂಟ್ ಫಾರ್ಮಲಿನ್."

ಅವರು ಪಿಪೆಟ್ ಕೆಳಗಿಟ್ಟರು. ಏನೂ ಹೇಳಲಿಲ್ಲ. ಹೇಳುವುದೂ ಬೇಕಿರಲಿಲ್ಲ.

ಫಾರ್ಮಲಿನ್ ಅಂದರೆ ಸತ್ತ ಜೀವಿಯನ್ನು ಕೆಡದ ಹಾಗೆ ಇಡುವ ದ್ರಾವಣ. ಪ್ರೋಟೀನನ್ನೂ ಡಿಎನ್‌ಎಯನ್ನೂ ಒಂದಕ್ಕೊಂದು ಹೊಲಿದು ಬಿಡುತ್ತದೆ. ಅದಕ್ಕೇ ಜೀವಿಯ ಆಕಾರ ಕೆಡದೆ ಉಳಿಯುವುದು. ಆದರೆ ಹೊಲಿಗೆ ಬಿದ್ದ ಡಿಎನ್‌ಎ ಮೇಲೆ ಪಿಸಿಆರ್ ಕಿಣ್ವ ಓಡುವುದಿಲ್ಲ. ಮೇಲಾಗಿ ಡಿಎನ್‌ಎ ತುಂಡು ತುಂಡಾಗುತ್ತದೆ. ಆಕಾರ ನೋಡುವವರಿಗೆ ಫಾರ್ಮಲಿನ್ ದೇವರು, ಡಿಎನ್‌ಎ ಓದುವವರಿಗೆ ಅದೇ ಶನಿ. ಇದು ನನಗೆ ಗೊತ್ತಿರಲಿಲ್ಲ ಅಂದರೆ ಸುಳ್ಳು. ಪರೀಕ್ಷೆಯಲ್ಲಿ ಬರೆದಿದ್ದೆ. ಆದರೆ ಕೆಸರಿನ ಹುಳ, ಪ್ಲವಕ ಎಲ್ಲವನ್ನೂ ಎರಡು ವರ್ಷ ಫಾರ್ಮಲಿನ್‌ಗೆ ಹಾಕಿದ ಕೈ, ಬಳಚನ್ನೂ ಅದಕ್ಕೇ ಹಾಕಿತ್ತು. ನನ್ನ ಓದು ಎರಡು ಪುಸ್ತಕಗಳಲ್ಲಿತ್ತು, ಒಂದಕ್ಕೊಂದು ಮಾತಾಡಿರಲಿಲ್ಲ.

ಆ ರಾತ್ರಿ ಹಾಸ್ಟೆಲಿನಲ್ಲಿ ಅತ್ತೆ. ಮಾರನೇ ದಿನ ಕ್ಯಾಲೆಂಡರ್ ನೋಡಿದೆ. ಅಮಾವಾಸ್ಯೆಗೆ ಇನ್ನೂ ಒಂಬತ್ತು ದಿನ ಇತ್ತು.

ಎರಡನೇ ಸಲ ಫಾರ್ಮಲಿನ್ ಬದಲು ಎಥೆನಾಲ್ (ಆಲ್ಕೊಹಾಲ್) ಒಯ್ದೆ. ಇಲ್ಲೂ ಒಂದು ಪಾಠ ಕಾದಿತ್ತು. ಬಳಚನ್ನು ಇಡಿಯಾಗಿ ಎಥೆನಾಲ್‌ಗೆ ಹಾಕಿದರೆ ಅದು ಬಾಯಿ ಮುಚ್ಚಿಕೊಂಡು ಕೂರುತ್ತದೆ. ಹೊರಗೆ ಎಥೆನಾಲ್, ಒಳಗೆ ನದಿ ನೀರು, ಮಾಂಸ ನಿಧಾನಕ್ಕೆ ಕೊಳೆಯುತ್ತದೆ. ಚಿಪ್ಪು ಬಿಡಿಸಿ, ಕಾಲಿನ ಮಾಂಸ ಸಣ್ಣಗೆ ಕತ್ತರಿಸಿ ಹಾಕಬೇಕು. ಹೊಟ್ಟೆ ಭಾಗ ಬೇಡ, ಅದು ತಿಂದ ಪಾಚಿಯ ಡಿಎನ್‌ಎ ಕೂಡ ಬರುತ್ತದೆ. ಮಾಂಸದಲ್ಲಿರುವ ನೀರಿನಿಂದ ಎಥೆನಾಲ್ ತೆಳ್ಳಗಾಗುತ್ತದೆ, ಮಾರನೇ ದಿನ ಹಳೆಯದು ಚೆಲ್ಲಿ ಹೊಸದು ಹಾಕಬೇಕು. ಖಾಲಿ ಚಿಪ್ಪನ್ನೂ ಅದೇ ಸಂಖ್ಯೆ ಬರೆದು ಬೇರೆ ಇಡಬೇಕು. ನಾಳೆ ಯಾರಾದರೂ ಈ ಡಿಎನ್‌ಎ ಯಾವ ಬಳಚಿನದು ಅಂತ ಕೇಳಿದರೆ ತೋರಿಸಲು ಅದೇ ಸಾಕ್ಷಿ.

ಇಷ್ಟೆಲ್ಲಾ ಸರಿ ಮಾಡಿ, ಬಾಟಲಿ ಮೇಲೆ ಮಾರ್ಕರ್‌ನಲ್ಲಿ ಸಂಖ್ಯೆ ಬರೆದಿದ್ದೆ. ಬಸ್ಸಿನಲ್ಲಿ ಎಥೆನಾಲ್ ಸ್ವಲ್ಪ ಸೋರಿತು. ಇಳಿದು ನೋಡಿದರೆ ಮೂರು ಬಾಟಲಿಯ ಸಂಖ್ಯೆ ಅಳಿಸಿ ಹೋಗಿದೆ. ಪೆನ್ಸಿಲ್‌ನಲ್ಲಿ ಬರೆದ ಚೀಟಿಯನ್ನು ಬಾಟಲಿ ಒಳಗೇ ಹಾಕಬೇಕು ಅಂತ ಅವತ್ತು ತಿಳಿಯಿತು. ಪೆನ್ಸಿಲ್ ಸೀಸ ಎಥೆನಾಲ್‌ಗೆ ಕರಗುವುದಿಲ್ಲ.

ಈ ಸಲ ಡಿಎನ್‌ಎ ಬಂತು. ತಣ್ಣಗಿನ ಎಥೆನಾಲ್ ಸುರಿದಾಗ ಹತ್ತಿ ಎಳೆಯ ಹಾಗೆ ಬಿಳಿಯಾಗಿ ತೇಲಿತು. ನಾನು ಹತ್ತಿ ಊರಿನವಳಲ್ವಾ, ಅದನ್ನು ನೋಡಿ ಸುಮ್ನೆ ನಿಂತುಬಿಟ್ಟೆ. ಆದರೂ ಪಿಸಿಆರ್ ಆಗಲಿಲ್ಲ! ಬಳಚಿನ ಲೋಳೆ ಡಿಎನ್‌ಎ ಜೊತೆಗೇ ಬಂದು ಕಿಣ್ವವನ್ನು ತಡೆಯುತ್ತದೆ. ಅದಕ್ಕೆ ಲೋಳೆಯನ್ನು ಬೇರ್ಪಡಿಸುವ ಸಿಟಿಎಬಿ ವಿಧಾನ ಹಿಡಿದೆವು. ಅದಕ್ಕಿಂತ ಸುಲಭದ ಉಪಾಯ ಆ ಅಕ್ಕ ಹೇಳಿದರು: "ಡಿಎನ್‌ಎ ಹತ್ತು ಪಟ್ಟು ತೆಳ್ಳಗೆ ಮಾಡು ಮಾರಾಯ್ತಿ." ಜಾಸ್ತಿ ಹಾಕಿದರೆ ಜಾಸ್ತಿ ಬರುತ್ತದೆ ಅಂತ ನಾನು ಅಂದುಕೊಂಡಿದ್ದೆ. ತೆಳ್ಳಗೆ ಮಾಡಿದಾಗ ಲೋಳೆಯೂ ತೆಳ್ಳಗಾಯಿತು. ಜೆಲ್‌ನಲ್ಲಿ 700 ಅಕ್ಷರದ ಗುರುತಿನ ಹತ್ತಿರ ಗೆರೆ ಬಂತು.

ಅಕ್ಷರ ಓದಿಸಲು ಬೆಂಗಳೂರಿಗೆ ಕಳಿಸಿದೆವು. ಉತ್ತರ ಬಂದ ಮೇಲೆ ಜೀನ್ ಬ್ಯಾಂಕ್ ಎಂಬ ಡಿಎನ್‌ಎ ಮಾಹಿತಿ ಸಂಗ್ರಹದಲ್ಲಿ ಹೋಲಿಸಿ ನೋಡಿದೆ. ಹಳದಿ, ಕಂದು, ಗೆರೆಯದ್ದು, ನಾನು ಓದಿಸಿದ ಎಲ್ಲವೂ ಒಂದೇ ಜಾತಿ. ಬಳಚು ಆರಿಸುವ ಹೆಂಗಸರಿಗೆ ಹೋಗಿ ಹೇಳಿದೆ. "ಮತ್ತೆ? ನಾವು ಬೇರೆ ಅಂತ ಯಾವಾಗ ಹೇಳಿದ್ವಿ?" ಅಂದರು.

ಕಡಲ ಜೈವಿಕ ತಂತ್ರಜ್ಞಾನ ಅಂದರೆ ಎಲ್ಲರೂ ಮೊದಲು ಹೇಳುವುದು ಔಷಧಿ ಕಥೆ. ಕೆರಿಬಿಯನ್ ಸಮುದ್ರದ ಸ್ಪಂಜಿನಲ್ಲಿ ಸಿಕ್ಕ ಅಣುಗಳ ಜಾಡು ಹಿಡಿದು ರಕ್ತದ ಕ್ಯಾನ್ಸರಿಗೆ ಸೈಟರಬಿನ್ ಬಂತು. ಶಂಕುಬಸವನ ವಿಷದಿಂದ ಝಿಕೊನೊಟೈಡ್ ಎಂಬ ನೋವಿನ ಔಷಧಿ ಬಂತು. ಅಂಬಲಿಮೀನಿನ ಹಸಿರು ಹೊಳಪಿನ ಪ್ರೋಟೀನಿಗೆ 2008ರಲ್ಲಿ ನೊಬೆಲ್ ಸಿಕ್ಕಿತು. ಎಲ್ಲಾ ನಿಜ. ಸೇರುವವರು ಈ ಕಥೆ ಕೇಳಿ ಸೇರುತ್ತಾರೆ, ತಪ್ಪೇನಿಲ್ಲ. ಆದರೆ ನಾನು ನೋಡಿದ ಮಟ್ಟಿಗೆ, ಸಂಬಳ ಕೊಡುವ ಕೆಲಸ ಇರುವುದು ಸೀಗಡಿಯಲ್ಲಿ, ಮೀನು ರಫ್ತು ಮಾಡುವವರ ಗುಣಮಟ್ಟದ ಲ್ಯಾಬ್‌ನಲ್ಲಿ, ಮರಿ ಉತ್ಪಾದನಾ ಕೇಂದ್ರದಲ್ಲಿ, ಇಲ್ಲವೇ ವರ್ಷ ವರ್ಷಕ್ಕೆ ಮುಗಿಯುವ ಸಂಶೋಧನಾ ಯೋಜನೆಗಳಲ್ಲಿ. ನಾನು ಎರಡು ಯೋಜನೆಯಲ್ಲಿ ದುಡಿದೆ. ಒಂದು ಕಡೆ ಏಳು ತಿಂಗಳು ಸಂಬಳವೇ ಬರಲಿಲ್ಲ. ಕನಸು ಕಾಣುವವರು ಇದನ್ನೂ ಕೇಳಿಸಿಕೊಂಡಿರಲಿ.

ಈಗ ಸೀಗಡಿ ರೋಗ ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿದ್ದೇನೆ. ಬಿಳಿ ಚುಕ್ಕೆ ರೋಗದ ವೈರಸ್ 1990ರ ದಶಕದ ನಡುವಿನಲ್ಲಿ ನಮ್ಮ ದೇಶಕ್ಕೆ ಬಂದು ಕೆರೆ ಕೆರೆಗಳನ್ನೇ ಖಾಲಿ ಮಾಡಿತು. ರೋಗ ಬಂದ ಕೆರೆಯಲ್ಲಿ ವಾರ, ಹತ್ತು ದಿನದಲ್ಲಿ ಹೆಚ್ಚುಕಡಿಮೆ ಎಲ್ಲಾ ಸಾಯುತ್ತವೆ. ಔಷಧಿ ಇಲ್ಲ. ಮರಿ ಬಿಡುವ ಮೊದಲೇ ಪಿಸಿಆರ್ ಮಾಡಿ ನೋಡಬೇಕು, ಅಷ್ಟೇ ದಾರಿ. ನಾನು ಬಳಚಿಗೆ ಮಾಡಿದ್ದೇ ಕೆಲಸ, ಜೀನು ಬೇರೆ.

ಕಳೆದ ತಿಂಗಳು ಕುಮಟಾ ಕಡೆಯ ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ರೈತರೊಬ್ಬರು ಬಸ್ಸಿನಲ್ಲಿ ಬಂದರು. ಅವರ ಕೆರೆಯಲ್ಲಿ ಸೀಗಡಿ ದಡಕ್ಕೆ ಬಂದು ಸಾಯುತ್ತಿತ್ತಂತೆ. ಪ್ಲಾಸ್ಟಿಕ್ ಡಬ್ಬಿ ಮೇಜಿನ ಮೇಲಿಟ್ಟರು. ಮುಚ್ಚಳ ತೆಗೆಯುವ ಮೊದಲೇ ಕಣ್ಣು ಉರಿಯಿತು. ಫಾರ್ಮಲಿನ್.

"ಕೆಡಬಾರದು ಅಂತ ಹಾಕ್ಸಿಕೊಂಡು ಬಂದೆ ಮೇಡಂ," ಅಂದರು.

ಅವರಿಗೆ ಚಹಾ ಕೊಟ್ಟೆ. ಕಪಾಟಿನಿಂದ ಎಥೆನಾಲ್ ತುಂಬಿದ ನಾಲ್ಕು ಸಣ್ಣ ಬಾಟಲಿ ತೆಗೆದೆ. ಸಾಯುವ ಹಾಗಿರುವ ಸೀಗಡಿಯ ಈಜು ಕಾಲು ಎಲ್ಲಿ ಕತ್ತರಿಸಬೇಕು ಅಂತ ಅವರ ಡಬ್ಬಿಯ ಸೀಗಡಿಯಲ್ಲೇ ತೋರಿಸಿದೆ. ಕೊನೆಗೆ ಡ್ರಾಯರಿನಿಂದ ಒಂದು ಮೋಟು ಪೆನ್ಸಿಲ್ ತೆಗೆದು ಅವರ ಜೇಬಿಗೆ ಹಾಕಿದೆ.