ತೋಟದ ಆಫೀಸಿನ ಹಳೇ ಫೈಲುಗಳಿಗೆ ಹೊಸ ಅಂಗಿ

ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ನಮ್ಮಲ್ಲಿ ರೈಟರ್ ಅಂದರೆ ಕಥೆ ಬರೆಯುವವರಲ್ಲ. ಆಳುಗಳ ಹಾಜರಿ, ಬಟವಾಡೆ, ಗೊಬ್ಬರ, ಮಳೆ, ಎಲ್ಲದರ ಲೆಕ್ಕ ಬರೆಯುವವರು. ಆಫೀಸಿನ ಕಂಪ್ಯೂಟರಿನಲ್ಲಿ ನನಗಿಂತ ಮುಂಚೆ ಇದ್ದ ಇಬ್ಬರ ಕಾಲದ ಫೈಲುಗಳೂ ಇವೆ. ಪತ್ರಗಳೆಲ್ಲ ವರ್ಡ್‌ನ ಹಳೇ ರೂಪವಾದ ಡಾಕ್, ಲೆಕ್ಕಗಳೆಲ್ಲ ಎಕ್ಸೆಲ್‌ನ ಹಳೇ ರೂಪವಾದ ಎಕ್ಸ್‌ಎಲ್‌ಎಸ್.

ಒಂದು ದಿನ ಹಳೇ ಬಟವಾಡೆ ಫೈಲು ತೆರೆಯಲು ಹೋದರೆ ಆಂಟಿವೈರಸ್ ಕೂಗಿಕೊಂಡಿತು. ಯಾವ ಕಾಲದ್ದೋ ಮ್ಯಾಕ್ರೋ ವೈರಸ್ ಅದರೊಳಗೆ ಕೂತಿತ್ತು. ಮ್ಯಾಕ್ರೋ ಅಂದರೆ ಫೈಲಿನೊಳಗೇ ಇದ್ದು ಕೆಲಸವನ್ನು ತಾನೇ ಮಾಡುವ ಚಿಕ್ಕ ಪ್ರೋಗ್ರಾಂ. ಹಳೇ ಎಕ್ಸ್‌ಎಲ್‌ಎಸ್‌ನಲ್ಲಿ ಇದೇ ತೊಂದರೆ, ಒಳಗೆ ಮ್ಯಾಕ್ರೋ ಇದೆಯೋ ಇಲ್ಲವೋ ಹೆಸರು ನೋಡಿ ಗೊತ್ತಾಗುವುದಿಲ್ಲ. ಆಫೀಸ್ 2007ರ ಜೊತೆ ಬಂದ ಹೊಸ ರೂಪಗಳಾದ ಡಾಕ್ಸ್, ಎಕ್ಸ್‌ಎಲ್‌ಎಸ್‌ಎಕ್ಸ್‌ನಲ್ಲಿ ಮ್ಯಾಕ್ರೋಗೆ ಜಾಗವೇ ಇಲ್ಲ. ಬೇಕೆಂದರೆ ಎಕ್ಸ್‌ಎಲ್‌ಎಸ್‌ಎಂ ಆಗಬೇಕು. ಬಂದ ನೆಂಟ ಬಾಗಿಲಲ್ಲೇ ತಾನ್ಯಾರು ಅಂತ ಹೇಳಿದ ಹಾಗೆ.

ಆಷಾಢದ ಮಳೆಯಲ್ಲಿ ತೋಟದ ಕೆಲಸ ಕಡಿಮೆ. ಆಗ ಹಳೇ ಫೈಲುಗಳನ್ನೆಲ್ಲ ಹೊಸ ರೂಪಕ್ಕೆ ಬದಲಾಯಿಸಲು ಕೂತೆ. ಮೊದಲು ಇಡೀ ಫೋಲ್ಡರನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ ಬೀರುವಿನಲ್ಲಿಟ್ಟೆ. ಒಂದೊಂದೇ ತೆಗೆದು 'ಸೇವ್ ಆ್ಯಸ್' ಮಾಡುತ್ತಾ ಕೂತರೆ ದೀಪಾವಳಿ ಬರುತ್ತದೆ. ವರ್ಡ್, ಎಕ್ಸೆಲ್ ಫೈಲುಗಳನ್ನೂ ತೆರೆಯುವ ಉಚಿತ ತಂತ್ರಾಂಶ ಲಿಬ್ರೆಆಫೀಸ್‌ಗೆ ಒಂದು ಸಾಲಿನ ಕಮಾಂಡ್ ಕೊಟ್ಟರೆ ಒಂದು ಫೋಲ್ಡರಿನ ಎಲ್ಲವನ್ನೂ ತಾನೇ ಬದಲಾಯಿಸುತ್ತದೆ, ಹೊಸದನ್ನು ಬೇರೆ ಫೋಲ್ಡರಿಗೆ ಹಾಕುತ್ತದೆ. ಮಧ್ಯದಲ್ಲಿ ಎರಡು ಸಲ ಕರೆಂಟ್ ಹೋಯಿತು. ಅದು ಬಿಡಿ, ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಇದ್ದರೇ ಆಶ್ಚರ್ಯ.

ಮುಗಿಯಿತು ಅಂತ ಖುಷಿಯಲ್ಲಿದ್ದೆ. ಶನಿವಾರ ಬಟವಾಡೆ ಚೀಟಿ ತೆಗೆಯಲು ಹೊಸ ಫೈಲಿನಲ್ಲಿ ಬಟನ್ ಒತ್ತಿದರೆ ಸದ್ದಿಲ್ಲ! ಆ ಬಟನ್ ನಡೆಯುತ್ತಿದ್ದದ್ದೇ ಮ್ಯಾಕ್ರೋದಿಂದ. ಎಕ್ಸೆಲ್‌ನಲ್ಲೇ ಮಾಡಿದ್ದರೆ 'ಮ್ಯಾಕ್ರೋ ಹೋಗುತ್ತದೆ' ಅಂತ ಎಚ್ಚರಿಸುತ್ತಿತ್ತು. ನಾನು ಮೂಟೆಗಟ್ಟಲೆ ಮಾಡಿದ್ದರಿಂದ ಸುಮ್ನೆ ಹೋಗಿಬಿಟ್ಟಿತ್ತು. ಹೊರಗೆ ಆಳುಗಳು ಕಾಯುತ್ತಿದ್ದರು. ಅವತ್ತು ಚೀಟಿ ಕೈಯಲ್ಲೇ ಬರೆದೆ. ಆಮೇಲೆ ಬೀರುವಿನ ಪ್ರತಿಯಿಂದ ಆ ಫೈಲನ್ನು ವೈರಸ್ ಸ್ಕ್ಯಾನ್ ಮಾಡಿ ಎಕ್ಸ್‌ಎಲ್‌ಎಸ್‌ಎಂ ಮಾಡಿದೆ.

ಇನ್ನೊಂದು ಎಡವಟ್ಟು, ಹೊಸ ಫೈಲುಗಳಿಗೆಲ್ಲ ಅದೇ ವಾರದ ತಾರೀಖು ಬಿತ್ತು. ಯಾವ ಪತ್ರ ಯಾವ ವರ್ಷದ್ದು ಅಂತ ತಿಳಿಯಲು ಮತ್ತೆ ಬೀರುವಿಗೇ ಹೋಗಬೇಕಾಯಿತು.

ಆದರೆ ಜಾಸ್ತಿ ದಿನ ಹಿಡಿದದ್ದು ಕನ್ನಡ ಪತ್ರಗಳು. ಡಾಕ್ಸ್ ಮಾಡಿದ ಒಂದು ಪತ್ರವನ್ನು ಯಜಮಾನರ ಮಗಳಿಗೆ ಬೆಂಗಳೂರಿಗೆ ಕಳಿಸಿದೆ. "ರೈಟ್ರೇ, ಏನಿದು? ಇಂಗ್ಲಿಷ್ ಅಕ್ಷರಕ್ಕೆ ಕೊಂಬು, ಬಾಲ ಬಂದಿದೆ" ಅಂತ ಫೋನ್ ಮಾಡಿದರು. ಅದು ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪತ್ರ. ಹಳೇ ನುಡಿ, ಬರಹ ಫಾಂಟುಗಳಲ್ಲಿ ಕಾಣುವುದು ಮಾತ್ರ ಕನ್ನಡ, ಒಳಗಿರುವುದು ಇಂಗ್ಲಿಷ್ ಅಕ್ಷರದ ಸಂಕೇತ. ಫಾಂಟ್ ಇಲ್ಲದ ಮೊಬೈಲಿನಲ್ಲಿ ಬಣ್ಣ ಬಯಲಾಗುತ್ತದೆ. ಫೈಲಿನ ಅಂಗಿ ಬದಲಾದರೂ ಅಕ್ಷರ ಬದಲಾಗಿರಲಿಲ್ಲ. ಅದನ್ನು ಎಲ್ಲ ಕಂಪ್ಯೂಟರ್, ಮೊಬೈಲಿಗೂ ಅರ್ಥವಾಗುವ ಯೂನಿಕೋಡಿಗೆ ತರುವುದು ಬೇರೆಯೇ ಕೆಲಸ.

ನುಡಿಯನ್ನು ಯೂನಿಕೋಡ್ ಮಾಡುವ ಪರಿವರ್ತಕಕ್ಕೆ ಪತ್ರವನ್ನು ಹಾಕಿದರೆ ಕನ್ನಡ ಸರಿಯಾಗಿ ಬಂತು. ಆದರೆ ನಡುವೆ ಇಂಗ್ಲಿಷಿನಲ್ಲಿದ್ದ ಗೊಬ್ಬರದ ಹೆಸರು, ಬ್ಯಾಂಕಿನ ಕೋಡುಗಳನ್ನೂ ಅದು ನುಡಿ ಅಂದುಕೊಂಡು ಓದಲಾಗದ ಕನ್ನಡ ಮಾಡಿಟ್ಟಿತು. ಅವನ್ನು ಒಂದೊಂದಾಗಿ ಕೈಯಲ್ಲೇ ತಿದ್ದಿದೆ. ಅರ್ಕಾವತ್ತು ಇರುವ ಪದಗಳ ಮೇಲೂ ಕಣ್ಣು ಹಾಯಿಸಿದೆ. ಎಲ್ಲ ಪತ್ರಗಳಿಗೂ ಇಷ್ಟು ಕಷ್ಟಪಡಲಿಲ್ಲ. ಮತ್ತೆ ತಿದ್ದಿ ಬಳಸುವ ಪತ್ರ, ಮಳೆ ಲೆಕ್ಕದ ಹಾಳೆ ಮಾತ್ರ ಯೂನಿಕೋಡ್ ಆದವು. ಉಳಿದದ್ದು ಫಾಂಟ್ ಸಮೇತ ಪಿಡಿಎಫ್. ಅದರಲ್ಲಿ ಕನ್ನಡ ಪದ ಹುಡುಕಿದರೆ ಸಿಗುವುದಿಲ್ಲ, ಓದಲಂತೂ ಅಡ್ಡಿಯಿಲ್ಲ.

ಕೊನೆಗೆ ಹಳೇ ಫೋಲ್ಡರ್, ಹೊಸ ಫೋಲ್ಡರ್ ಎರಡರ ಎಣಿಕೆ ಹಾಕಿದೆ. ನಾಲ್ಕು ಕಡಿಮೆ. ನಾಲ್ಕಕ್ಕೂ ಪಾಸ್‌ವರ್ಡ್ ಇತ್ತು, ಲಿಬ್ರೆಆಫೀಸ್ ಬಿಟ್ಟು ಮುಂದೆ ಹೋಗಿತ್ತು. ಹಿಂದಿನ ರೈಟರಿಗೆ ಫೋನ್ ಮಾಡಿದೆ. "ನೆನಪಿಲ್ಲ ಮಾರಾಯ, ಹಳೇ ಜೀಪಿನ ನಂಬರ್ ಹಾಕಿ ನೋಡು" ಅಂದರು. ಮೂರು ತೆರೆದುಕೊಂಡವು. ನಾಲ್ಕನೆಯದು ಇನ್ನೂ ಹಾಗೇ ಬೀರುವಿನಲ್ಲಿದೆ.