ವೆರಿನ್ ಹೇಳಿದ ಸುಳ್ಳು: ‘ವೀಲ್ ಆಫ್ ಟೈಮ್’ ಜೊತೆ ನನ್ನ 12 ವರ್ಷ

‘ವೀಲ್ ಆಫ್ ಟೈಮ್’ ಕಾದಂಬರಿ ಸರಣಿಯ ಎರಡನೇ ಪುಸ್ತಕದಲ್ಲಿ ವೆರಿನ್ ಎಂಬ ಹೆಂಗಸು ದಾರಿಯಲ್ಲಿ ಬಂದು ನಾಯಕರ ತಂಡವನ್ನು ಸೇರಿಕೊಳ್ಳುತ್ತಾಳೆ. ನನ್ನನ್ನು ಮೊರೇನ್ ಕಳಿಸಿದಳು ಅನ್ನುತ್ತಾಳೆ. ಯಾರೂ ಪ್ರಶ್ನೆ ಕೇಳುವುದಿಲ್ಲ. ಕೇಳುವ ಅಗತ್ಯವೂ ಇಲ್ಲ. ಏಕೆಂದರೆ ವೆರಿನ್ ಒಬ್ಬ ಐಸ್ ಸೆಡಾಯ್, ಅಂದರೆ ಮಾಂತ್ರಿಕ ಶಕ್ತಿ ಬಳಸುವ ಹೆಂಗಸರ ಪಂಗಡದವಳು. ಅವರು ಮೂರು ಆಣೆ ಮಾಡಿರುತ್ತಾರೆ. ಅದರಲ್ಲಿ ಮೊದಲನೆಯದು, ಸುಳ್ಳು ಆಡುವುದಿಲ್ಲ ಎಂಬುದು. ಇದು ಬರೀ ಮಾತಿನ ಆಣೆ ಅಲ್ಲ, ಮಾಂತ್ರಿಕ ಕಟ್ಟು. ಬೇಕು ಅಂದರೂ ಅವರ ಬಾಯಲ್ಲಿ ಸುಳ್ಳು ಹೊರಡುವುದಿಲ್ಲ.

ಮುಂದೆ ಒಂದು ಕಡೆ ಮೊರೇನ್, ನಾನು ವೆರಿನ್‌ನನ್ನು ಕಳಿಸಲೇ ಇಲ್ಲ ಅನ್ನುತ್ತಾಳೆ. ಅವಳೂ ಐಸ್ ಸೆಡಾಯ್. ಹಾಗಾದರೆ ಇಬ್ಬರಲ್ಲಿ ಒಬ್ಬರು, ಹೇಳಲು ಸಾಧ್ಯವೇ ಇಲ್ಲದ ಸುಳ್ಳನ್ನು ಹೇಳಿದ್ದಾರೆ.

ಇದು ಕಣ್ಣಿಗೆ ಬಿದ್ದ ರಾತ್ರಿ ನನಗೆ ನಿದ್ದೆ ಬರಲಿಲ್ಲ. 2001ರ ಮಾತು. ಬೆಂಗಳೂರಿನ ಹಾಸ್ಟೆಲ್ ಕೋಣೆ. ಹಳೇ ಪುಸ್ತಕದಂಗಡಿಯಲ್ಲಿ ಕೊಂಡ, ಬೆನ್ನು ಮುರಿದ ಪುಸ್ತಕ. ಮರುದಿನ 200 ಪುಟದ ರೂಲ್ಡ್ ನೋಟ್‌ಬುಕ್ ತಂದೆ. ಮೊದಲ ಪುಟದಲ್ಲಿ ‘ವೆರಿನ್’ ಅಂತ ಬರೆದು ಎರಡು ಸಾಲು ಎಳೆದೆ. ಥಿಯರಿ ಕಟ್ಟುವ ನನ್ನ ಕೆಲಸ ಶುರುವಾಗಿದ್ದು ಹೀಗೆ.

ಈ ಸರಣಿಯನ್ನು ಓದಬೇಕು ಅಂದುಕೊಂಡವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ. ಮುಂದೆ ಎಲ್ಲ ಗುಟ್ಟನ್ನೂ ಬಿಟ್ಟುಕೊಟ್ಟಿದ್ದೇನೆ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಅಮೆರಿಕದ ರಾಬರ್ಟ್ ಜೋರ್ಡನ್ ಬರೆದ ಸರಣಿ ಇದು. ಮೊದಲ ಪುಸ್ತಕ ಬಂದಿದ್ದು 1990ರಲ್ಲಿ. ಒಟ್ಟು 14 ಪುಸ್ತಕ, ಜೊತೆಗೆ ಹಿಂದಿನ ಕತೆ ಹೇಳುವ ಇನ್ನೊಂದು. ಕಾಲ ಒಂದು ಚಕ್ರ, ಯುಗಗಳು ಮರಳಿ ಬರುತ್ತವೆ, ಸತ್ತವರು ಮತ್ತೆ ಹುಟ್ಟುತ್ತಾರೆ. ನಮಗೆ ಇದನ್ನು ವಿವರಿಸಬೇಕಾಗಿಲ್ಲ ಅಲ್ವಾ? ಕಾಲಚಕ್ರದ ಈ ಕಲ್ಪನೆಯನ್ನು ಹಿಂದೂ ಪುರಾಣದಿಂದ ತೆಗೆದುಕೊಂಡಿದ್ದೇನೆ ಅಂತ ಜೋರ್ಡನ್ ಅವರೇ ಹೇಳಿದ್ದರು. ಅವರು ಭೌತಶಾಸ್ತ್ರ ಓದಿದವರು. ಅದು ಅವರ ಮಾಂತ್ರಿಕ ಶಕ್ತಿಯಲ್ಲೇ ಕಾಣುತ್ತದೆ. ಭೂಮಿ, ಗಾಳಿ, ಬೆಂಕಿ, ನೀರು, ಚೇತನ ಎಂಬ ಐದು ಎಳೆಗಳು. ಅವನ್ನು ನೇಯ್ದರೆ ಕೆಲಸ ಆಗುತ್ತದೆ. ಗಂಡಸರ ಪಾಲಿನ ಶಕ್ತಿ ಬೇರೆ, ಹೆಂಗಸರದು ಬೇರೆ. ಗಂಡಸರ ಪಾಲಿಗೆ ದುಷ್ಟಶಕ್ತಿಯ ಹೊಲಸು ಹತ್ತಿದೆ. ಬಳಸಿದವನಿಗೆ ಹುಚ್ಚು ಹಿಡಿಯುತ್ತದೆ. ಎಲ್ಲಕ್ಕೂ ನಿಯಮ ಇದೆ. ನಿಯಮ ಇರುವುದರಿಂದಲೇ ಊಹೆ ಮಾಡಬಹುದು.

ನಮ್ಮೂರು ಪುತ್ತೂರಿನ ಕಡೆ. ಚಿಕ್ಕಂದಿನಲ್ಲಿ ಅಜ್ಜ ನನ್ನನ್ನು ತಾಳಮದ್ದಳೆಗೆ ಕರೆದುಕೊಂಡು ಹೋಗುತ್ತಿದ್ದರು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕೂತು ವಾದ ಮಾಡುತ್ತಾರೆ. ಮರೆಯಲ್ಲಿ ನಿಂತು ಬಾಣ ಬಿಟ್ಟಿದ್ದೇಕೆ ಅಂತ ವಾಲಿ ಕೇಳಿದರೆ ರಾಮನಿಗೆ ಬೆವರು ಬರಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಿದ ಕತೆಯನ್ನು ಅಜ್ಜ ಎಷ್ಟು ಸಲ ಹೇಳಿದರೂ ಅವರಿಗೆ ಬೇಜಾರಿರಲಿಲ್ಲ. ಹೊಸಬ ಅರ್ಥಧಾರಿ ಏನಾದರೂ ಹೊಸೆದು ಹೇಳಿದರೆ ಮಾತ್ರ ಅಜ್ಜ ಪಕ್ಕದಲ್ಲೇ ಗೊಣಗುತ್ತಿದ್ದರು: “ಅದು ಪದ್ಯದಲ್ಲಿ ಎಲ್ಲಿ ಉಂಟು?”

ನೋಟ್‌ಬುಕ್‌ನಲ್ಲಿ ನಾನು ಹಾಕಿಕೊಂಡ ಮೊದಲ ಕಟ್ಟಳೆ ಇದೇ. ಪುಟದ ಎಡಕ್ಕೆ ಪುಸ್ತಕದಲ್ಲಿ ಇದ್ದದ್ದು. ಬಲಕ್ಕೆ ನನ್ನ ಊಹೆ. ಎಡಗಡೆ ಏನೂ ಇಲ್ಲದೆ ಬಲಗಡೆ ಬರೆಯುವಂತಿಲ್ಲ. ಎಡಗಡೆಯ ಪ್ರತಿ ಸಾಲಿನ ಮುಂದೆ ಆ ಮಾತು ಯಾರದು ಎಂದೂ ಬರೆಯುತ್ತಿದ್ದೆ. ಜೋರ್ಡನ್ ಪ್ರತಿ ಅಧ್ಯಾಯವನ್ನೂ ಒಬ್ಬರ ಕಣ್ಣಿನಿಂದ ಹೇಳುತ್ತಾರೆ. ಆ ವ್ಯಕ್ತಿಗೆ ತಪ್ಪು ತಿಳಿವಳಿಕೆ ಇದ್ದರೆ ನಮಗೂ ತಪ್ಪೇ ಸಿಗುತ್ತದೆ. ಪಾತ್ರ ಹೇಳಿದ್ದನ್ನು ಲೇಖಕ ಹೇಳಿದ್ದು ಅಂದುಕೊಂಡರೆ ಅಲ್ಲೇ ಎಡವುತ್ತೇವೆ.

ಪಾತ್ರಕ್ಕೆ ಒಂದು ಪುಟ ಅಂತ ಹಂಚಿದ್ದೆ. ಅದು ತಪ್ಪಾಗಿತ್ತು. ಗೊತ್ತಾಗಿದ್ದು ಒಂಬತ್ತನೇ ಪುಸ್ತಕದಲ್ಲಿ. ನಾಯಕ ರ‍್ಯಾಂಡ್ ಆ ಹೊಲಸನ್ನು ತೊಳೆಯುವುದು ಅಲ್ಲೇ. ಹೇಗೆ ತೊಳೆಯುತ್ತಾನೆ? ಶಾದರ್ ಲೋಗೋತ್ ಎಂಬ ಹಾಳೂರಿನಲ್ಲಿ ಬೇರೊಂದು ಬಗೆಯ ಕೇಡು ಇದೆ. ಆ ಕೇಡಿಗೂ ಈ ಹೊಲಸಿಗೂ ಆಗದು. ಒಂದನ್ನು ಇನ್ನೊಂದರ ಮೇಲೆ ಬಿಟ್ಟು ಎರಡನ್ನೂ ಸುಡುತ್ತಾನೆ. ಓದಿ ಮುಗಿಸಿ ನೋಟ್‌ಬುಕ್ ತಿರುವಿದೆ. ಸುಳಿವು ನನ್ನ ಕೈಬರಹದಲ್ಲೇ ಇತ್ತು! ರ‍್ಯಾಂಡ್‌ನ ಪಕ್ಕೆಯಲ್ಲಿ ಎರಡು ಗಾಯ. ಒಂದು ದುಷ್ಟಶಕ್ತಿಯ ಕಡೆಯವನು ಮಾಡಿದ್ದು, ಇನ್ನೊಂದು ಆ ಹಾಳೂರಿನ ಕಠಾರಿಯಿಂದ ಆಗಿದ್ದು. ಎರಡೂ ಒಂದರ ಮೇಲೊಂದು ಬಿದ್ದು, ಒಂದನ್ನೊಂದು ತಡೆದು ನಿಂತಿವೆ. ಅದನ್ನು ನಾನು ‘ರ‍್ಯಾಂಡ್: ಮೈಗಾಯ’ ಅಂತ ಬರೆದಿಟ್ಟಿದ್ದೆ. ಹೊಲಸಿನ ಪ್ರಶ್ನೆ ಬೇರೆ ಪುಟದಲ್ಲಿತ್ತು. ಎರಡು ಪುಟ ಒಟ್ಟಿಗೆ ನೋಡಿದ್ದರೆ ಸಾಕಿತ್ತು.

ಅವತ್ತಿನಿಂದ ಇನ್ನೊಂದು ನೋಟ್‌ಬುಕ್ ಮಾಡಿದೆ. ಅದರಲ್ಲಿ ಹೆಸರುಗಳಿಲ್ಲ, ಶಕ್ತಿ ಹೇಗೆ ಕೆಲಸ ಮಾಡುತ್ತದೆ ಎಂಬುದಷ್ಟೇ. ಸತ್ತವರು ಯಾವಾಗ ಎದ್ದು ಬರುತ್ತಾರೆ, ಯಾವಾಗ ಬರುವುದಿಲ್ಲ, ಆಣೆಯಿಂದ ಹೇಗೆ ನುಣುಚಿಕೊಳ್ಳಬಹುದು, ಹೀಗೆ.

ಈಗ ನಾನು ಸೋತ ಕತೆ. ಅದನ್ನೇ ಸ್ವಲ್ಪ ಜಾಸ್ತಿ ಹೇಳಬೇಕು.

ಆರನೇ ಪುಸ್ತಕ ಬಂದಿದ್ದು 1994ರಲ್ಲಿ. ಅದರ ಶುರುವಿನಲ್ಲೇ ಡೆಮಾಂಡ್ರೆಡ್ ಎಂಬ ಹಳೇ ಯುಗದ ದೊಡ್ಡ ಕೇಡಿಗ ದುಷ್ಟಶಕ್ತಿಯಿಂದ ಅಪ್ಪಣೆ ಪಡೆಯುತ್ತಾನೆ. ಆಮೇಲೆ ಎಲ್ಲಿಗೆ ಹೋದ ಎಂಬ ಸುದ್ದಿಯೇ ಇಲ್ಲ. ಸ್ವಲ್ಪದರಲ್ಲೇ ಮಾಜ್ರಿಮ್ ತಾಯಿಮ್ ಎಂಬವನು ರ‍್ಯಾಂಡ್ ಮುಂದೆ ಬಂದು ನಿಲ್ಲುತ್ತಾನೆ. ಇಬ್ಬರಿಗೂ ಗಿಳಿಮೂಗು. ಇಬ್ಬರೂ ಎತ್ತರದವರು. ಎಲ್ಲಕ್ಕಿಂತ ಮೇಲಾಗಿ, ಐಯೆಲ್ ಜನರ ಬಗ್ಗೆ ಮಾತಾಡುವಾಗ ತಾಯಿಮ್ ಅವರನ್ನು ‘ಐಯೆಲ್ ಅನ್ನಿಸಿಕೊಂಡವರು’ ಎಂಬಂತೆ ಕರೆಯುತ್ತಾನೆ. ಇದು ವಿಚಿತ್ರ. ಈಗಿನ ಐಯೆಲ್ ಈಟಿ ಹಿಡಿದ ಯೋಧರು. ಹಳೇ ಯುಗದಲ್ಲಿ ಅದೇ ಹೆಸರಿನವರು ಕೈ ಎತ್ತಿ ಹೊಡೆಯದ ಶಾಂತಿವ್ರತದವರು. ಹಳೇ ಯುಗ ಕಂಡವನಿಗೆ ಮಾತ್ರ ಇವರು ‘ಅನ್ನಿಸಿಕೊಂಡವರು’. ಹಾಗಾದರೆ ತಾಯಿಮ್ ಅಂದರೆ ಡೆಮಾಂಡ್ರೆಡ್ಡೇ!

ಇದು ನಾನೊಬ್ಬನೇ ಕಂಡುಹಿಡಿದದ್ದಲ್ಲ. ಲೋಕದ ತುಂಬ ಓದುಗರು ಇದನ್ನೇ ನಂಬಿದ್ದರು. ಎರಡು ಹೆಸರು ಸೇರಿಸಿ ‘ತಾಯಿಮಾಂಡ್ರೆಡ್’ ಅಂತ ಕರೆಯುತ್ತಿದ್ದರು. ಇಬ್ಬರೂ ಬೇರೆ ಬೇರೆ ಅಂತ ಜೋರ್ಡನ್ ಅವರೇ ಹೇಳಿದರು. ನಾನು ಆಗಲೂ ಬಿಡಲಿಲ್ಲ. ನಾವು ಊಹಿಸಿಬಿಟ್ಟೆವು ಅಂತ ಕತೆ ಬದಲಾಯಿಸಿದ್ದಾರೆ ಅಂತ ವಾದಿಸಿದೆ. ಅದಕ್ಕೆ ಎಡಗಡೆಯ ಸಾಲಿನಲ್ಲಿ ಯಾವ ಆಧಾರವೂ ಇರಲಿಲ್ಲ. ಅಜ್ಜ ಗೊಣಗುತ್ತಿದ್ದದ್ದು ಇಂಥದ್ದಕ್ಕೇ.

ಈ ಥಿಯರಿ ಇನ್ನೊಂದು ಪುಟವನ್ನೂ ಕೆಡಿಸಿತು. ಐದನೇ ಪುಸ್ತಕದ ಕೊನೆಯಲ್ಲಿ ಆಸ್ಮೋಡಿಯನ್ ಎಂಬ, ಹಳೇ ಯುಗದ ಕೇಡಿಗನಾಗಿದ್ದು ಈಗ ರ‍್ಯಾಂಡ್ ಜೊತೆಗಿರುವವನು ವೈನ್ ಹುಡುಕುತ್ತಾ ಅರಮನೆಯ ಚಿಕ್ಕ ಬಾಗಿಲೊಂದನ್ನು ತೆರೆಯುತ್ತಾನೆ. ಎದುರಿಗೆ ಯಾರೋ ಇದ್ದಾರೆ. ಗುರುತಿಸಿ ಬೆಚ್ಚುತ್ತಾನೆ, ಸಾಯುತ್ತಾನೆ. ಯಾರು ಅಂತ ಪುಸ್ತಕ ಹೇಳುವುದಿಲ್ಲ. ಯಾರೆಂಬುದು ಸುಲಭವಾಗಿ ಹೊಳೆಯಬೇಕು ಎಂಬ ಅರ್ಥದಲ್ಲಿ ಜೋರ್ಡನ್ ಮಾತಾಡಿದ್ದರು. ಆಮೇಲೆ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಓದಿ, ನೀವೇ ತಿಳಿದುಕೊಳ್ಳಿ ಎಂಬುದು ಅವರ ಖಾಯಂ ಉತ್ತರ.

ನಾನೂ ನನ್ನ ಗೆಳೆಯನೂ ಒಂದು ಭಾನುವಾರ ಪೂರ್ತಿ ಇದಕ್ಕೇ ಕೂತೆವು. ಯಾರಿಗೆ ಕಾರಣ ಇತ್ತು ಎಂದು ಹುಡುಕಲಿಲ್ಲ. ಕಾರಣ ಹಳೇ ಯುಗದ ಕೇಡಿಗರೆಲ್ಲರಿಗೂ ಇತ್ತು, ಅವರ ಪಾಲಿಗೆ ಅವನು ದ್ರೋಹಿ. ಆ ದಿನ ಅಲ್ಲಿ ಇರಲು ಅವರಲ್ಲಿ ಯಾರಿಗೆ ಸಾಧ್ಯವಿತ್ತು ಎಂದು ಹುಡುಕಿದೆವು. ಲ್ಯಾನ್‌ಫಿಯರ್ ಅಷ್ಟರಲ್ಲಾಗಲೇ ಮಾಂತ್ರಿಕ ಬಾಗಿಲಿನೊಳಗೆ ಬಿದ್ದು ಹೋಗಿದ್ದಳು. ಮೊಘೇಡಿಯನ್ ಸೆರೆಯಾಗಿದ್ದಳು. ಇಬ್ಬರನ್ನೂ ಹೊಡೆದುಹಾಕಿದೆವು. ಗೆಳೆಯ ಗ್ರೆಂಡಾಲ್ ಹೆಸರಿನ ಕೆಳಗೆ ಗೆರೆ ಎಳೆದ.

“ನೋಡು ಮಾರಾಯ, ಆ ಅರಮನೆಯಲ್ಲಿದ್ದ ರಾಹ್ವಿನ್ ಜೊತೆ ಸೇರಿ ಸಂಚು ಮಾಡಿದವರಲ್ಲಿ ಇವಳೂ ಇದ್ದಳು. ಏನಾಯಿತು ಅಂತ ನೋಡಲು ಬರುವವಳು ಅವಳೇ ಅಲ್ವಾ?”

ನಾನು ಒಪ್ಪಲಿಲ್ಲ. ಡೆಮಾಂಡ್ರೆಡ್ ಅಂದೆ. ಯಾಕೆ ಅಂದರೆ, ತಾಯಿಮ್ ಆಗಿ ರ‍್ಯಾಂಡ್ ಹತ್ತಿರ ಬರುವ ಮೊದಲು ತನ್ನ ಗುರುತು ಹಿಡಿಯುವವನನ್ನು ಮುಗಿಸಬೇಕಿತ್ತು. ಎಷ್ಟು ಚೆನ್ನಾಗಿ ಕೂಡಿಕೊಳ್ಳುತ್ತದೆ ನೋಡಿ! ಒಂದು ಊಹೆಯ ಮೇಲೆ ಇನ್ನೊಂದು ಊಹೆ ಕೂರಿಸಿದ್ದೆ. ಕೆಳಗಿನದು ಗಟ್ಟಿ ಇದೆಯಾ ಅಂತ ನೋಡಿರಲಿಲ್ಲ.

2007ರ ಸೆಪ್ಟೆಂಬರ್ 16ರಂದು ಜೋರ್ಡನ್ ತೀರಿಕೊಂಡರು. 58 ವರ್ಷ. ಸರಣಿ ಮುಗಿದಿರಲಿಲ್ಲ. ಗೆಳೆಯ ಫೋನ್ ಮಾಡಿದ. ಇಬ್ಬರೂ ಜಾಸ್ತಿ ಮಾತಾಡಲಿಲ್ಲ. ಎಷ್ಟೋ ತಿಂಗಳು ಆ ನೋಟ್‌ಬುಕ್ ತೆರೆಯಲು ನನಗೆ ಮನಸ್ಸಾಗಲಿಲ್ಲ. ಅವರು ಬಿಟ್ಟುಹೋದ ಟಿಪ್ಪಣಿಗಳನ್ನು ಇಟ್ಟುಕೊಂಡು ಬ್ರ್ಯಾಂಡನ್ ಸ್ಯಾಂಡರ್ಸನ್ ಉಳಿದದ್ದನ್ನು ಮುಗಿಸಿದರು. ಅವರನ್ನು ಆರಿಸಿದವರು ಜೋರ್ಡನ್ ಅವರ ಹೆಂಡತಿ ಮತ್ತು ಸಂಪಾದಕಿ ಹ್ಯಾರಿಯಟ್ ಮೆಕ್‌ಡೂಗಲ್.

ಉತ್ತರಗಳು ಒಂದೊಂದಾಗಿ ಬಂದವು. 2010ರ ಪುಸ್ತಕದ ಕೊನೆಯ ಪದಕೋಶದಲ್ಲಿ, ಗ್ರೆಂಡಾಲ್ ಎಂಬ ಹೆಸರಿನ ಕೆಳಗೆ, ಆಸ್ಮೋಡಿಯನ್‌ನನ್ನು ಕೊಂದವಳು ಅವಳೇ ಅಂತ ಸುಮ್ನೆ ಬರೆದಿತ್ತು. 17 ವರ್ಷದ ಪ್ರಶ್ನೆಗೆ ಅಷ್ಟೇ ಉತ್ತರ. 2013ರ ಕೊನೆಯ ಪುಸ್ತಕದಲ್ಲಿ ಡೆಮಾಂಡ್ರೆಡ್ ಶಾರಾ ಎಂಬ ದೂರದ ನಾಡಿನಿಂದ ದಂಡು ಕಟ್ಟಿಕೊಂಡು ಬಂದ. ತಾಯಿಮ್ ಬೇರೆಯವನೇ. ದುಷ್ಟಶಕ್ತಿಯ ಕಡೆಯವನು ಹೌದು. ಹಳೇ ಯುಗದವನಲ್ಲ.

ಹಾಗಾದರೆ ‘ಅನ್ನಿಸಿಕೊಂಡವರು’ ಎಂಬ ಮಾತು? ಹಳೇ ಯುಗದವರ ಒಡನಾಟದಿಂದ ಆ ಮಾತು ಅವನ ಬಾಯಿಗೆ ಹತ್ತಿತ್ತು ಅಂತ ಈಗ ನಾನು ಓದಿಕೊಳ್ಳುತ್ತೇನೆ. ಆ ಸಾಲು ಹೇಳುತ್ತಿದ್ದದ್ದು ಇಷ್ಟೇ: ಇವನಿಗೆ ಅವರ ಪರಿಚಯ ಇದೆ. ನಾನು ಅದರಿಂದ ಇವನೇ ಅವನು ಎಂಬಲ್ಲಿಗೆ ಹಾರಿದ್ದೆ. ಒಂದು ಹೆಜ್ಜೆಯ ಸುಳಿವಿನಲ್ಲಿ ಎರಡು ಹೆಜ್ಜೆ ನಡೆದಿದ್ದೆ.

ವೆರಿನ್ ವಿಷಯ? 2009ರ ಪುಸ್ತಕದಲ್ಲಿ ಅವಳು ಕತೆಯ ನಾಯಕಿಯರಲ್ಲೊಬ್ಬಳಾದ ಎಗ್ವೇನ್‌ಳ ಕೋಣೆಗೆ ಬಂದು ಚಹಾ ಕುಡಿಯುತ್ತಾ ಕೂರುತ್ತಾಳೆ. ಎಗ್ವೇನ್ ತೊಟ್ಟ ಬಟ್ಟೆಯ ಬಣ್ಣದ ಬಗ್ಗೆ ಕಣ್ಣೆದುರಿಗೇ ಒಂದು ಸುಳ್ಳು ಹೇಳುತ್ತಾಳೆ. ಅಂದರೆ ಮೂರು ಆಣೆ ಅವಳಿಗಿಲ್ಲ. ಅವಳು ಕೇಡಿನ ಪಾಳೆಯದವಳು. ನನ್ನ ಮೊದಲ ಪುಟದ ಬಲಗಡೆ ಅದೇ ಇತ್ತು. ಆದರೆ ಪೂರ್ತಿ ಸತ್ಯ ನನಗೆ ಹೊಳೆದೇ ಇರಲಿಲ್ಲ. ಸುಮಾರು 70 ವರ್ಷ ಅವರ ನಡುವೆ ಇದ್ದು, ಅವರ ಹೆಸರುಗಳನ್ನೆಲ್ಲ ಪುಸ್ತಕದಲ್ಲಿ ಬರೆದಿಟ್ಟಿದ್ದಳು. ಸಾಯುವ ಗಳಿಗೆಯವರೆಗೆ ದ್ರೋಹ ಮಾಡುವುದಿಲ್ಲ ಎಂಬುದು ಆ ಪಾಳೆಯದ ಆಣೆ. ಅದಕ್ಕೇ ಚಹಾದಲ್ಲಿ ವಿಷ ಹಾಕಿಕೊಂಡು ಬಂದಿದ್ದಾಳೆ. ಇದು ಅವಳ ಸಾಯುವ ಗಳಿಗೆ. ಈಗ ಹೇಳಬಹುದು.

ಆ ಅಧ್ಯಾಯವನ್ನು ಎರಡನೇ ಸಲ ಓದುವಾಗ ನಾನು ಅತ್ತೆ. ಆಣೆಯ ನಿಯಮಗಳೆಲ್ಲ ನನ್ನ ಎರಡನೇ ನೋಟ್‌ಬುಕ್‌ನಲ್ಲಿದ್ದವು. ಅವಳು ಒಳ್ಳೆಯವಳಾಗಿರಬಹುದು ಎಂಬ ಸಾಲು ಮಾತ್ರ ಎಲ್ಲೂ ಇರಲಿಲ್ಲ.

ಇನ್ನೂ ಮುಚ್ಚದ ಪುಟ ಒಂದಿದೆ. ಕೊನೆಯ ಅಧ್ಯಾಯದಲ್ಲಿ ರ‍್ಯಾಂಡ್ ಕೈಯಲ್ಲಿ ಚಿಲುಮೆ ಹಿಡಿದಿದ್ದಾನೆ. ಮಾಂತ್ರಿಕ ಶಕ್ತಿ ಅವನ ಕೈಗೆ ಸಿಗುತ್ತಿಲ್ಲ. ಹೊತ್ತಿಕೊಳ್ಳಲಿ ಅಂದುಕೊಳ್ಳುತ್ತಾನೆ. ಚಿಲುಮೆ ಹೊತ್ತಿಕೊಳ್ಳುತ್ತದೆ. ಹೇಗೆ ಎಂಬುದನ್ನು ಯಾವ ಪುಟವೂ ಹೇಳುವುದಿಲ್ಲ. ಮನಸ್ಸಿನಲ್ಲಿ ಅಂದುಕೊಂಡದ್ದು ಆಗುವುದು ಆ ಸರಣಿಯ ಕನಸಿನ ಲೋಕದಲ್ಲಿ, ಅದೇ ನಿಯಮ ಇಲ್ಲಿಗೆ ದಾಟಿದೆ ಅನ್ನುತ್ತಾನೆ ಗೆಳೆಯ. ನಾನು ಒಪ್ಪುವುದಿಲ್ಲ. ಅದಕ್ಕೆ ಸ್ವಲ್ಪ ಮೊದಲು ರ‍್ಯಾಂಡ್ ಮತ್ತು ದುಷ್ಟಶಕ್ತಿ ಇಬ್ಬರೂ ಆಗಬಹುದಾದ ಲೋಕಗಳನ್ನು ಎಳೆಯಿಂದ ನೇಯ್ದು ತೋರಿಸುತ್ತಾರೆ. ಐದು ಎಳೆಗಳ ನೇಯ್ಗೆ ಅಲ್ಲ ಅದು, ಕಾಲದ ನೇಯ್ಗೆಯೇ. ಆ ಕೈ ಅವನಲ್ಲಿ ಉಳಿದಿದೆ. ಎಡಗಡೆ ನನ್ನ ಹತ್ತಿರ ಮೂರು ಸಾಲು ಇದೆ. ಗೆಳೆಯನ ಹತ್ತಿರ ಎರಡು.