ಆರಿಂಚು ಬಿಡಿಸಿ 150 ಎಂಎಂ ಹಿಡಿಸಿದ್ದು

ಗಂಗಾವತಿ, ಕುಷ್ಟಗಿ ಕಡೆ ಹಳ್ಳಿಗಳಲ್ಲಿ ಸಿಸಿ ರಸ್ತೆ ಹಿಡಿಯುವ ಸಣ್ಣ ಕಂತ್ರಾಟುದಾರರಿಗೆ ಇದು ಉಪಯೋಗ ಆದೀತು. ನನ್ನ ಸೈಟಿನಲ್ಲಿ ಅಡಿ, ಇಂಚಿನ ಅಳತೆ ಪೂರ್ತಿ ನಿಂತು ಮೀಟರ್ ಬಂದಿದೆ. ಆಗಲ್ಲ ಅಂದವರೇ ಜಾಸ್ತಿ ಇದ್ದರು.

1956ರ ಕಾಯ್ದೆಯಿಂದಲೇ ದೇಶಕ್ಕೆ ಮೆಟ್ರಿಕ್ ಬಂತು. ಈಗಿನ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ, ಬೇರೆ ಅಳತೆಯಲ್ಲಿ ದರ ಹೇಳುವುದೇ ತಪ್ಪು ಎನ್ನುತ್ತದೆ. ಎಸ್ಟಿಮೇಟು, ಎಂಬಿ (ಬಿಲ್ಲಿಗೆ ಇಂಜಿನಿಯರ್ ಬರೆಯುವ ಅಳತೆ ಪುಸ್ತಕ) ಎಲ್ಲಾ ಮೀಟರಿನಲ್ಲೇ. ಮೇಸ್ತ್ರಿ ಮಾತ್ರ ಅಡಿ, ಬ್ರಾಸ್ (ನೂರು ಘನ ಅಡಿ) ಬಿಡುವುದಿಲ್ಲ.

ದುಡ್ಡು ಸೋರುವುದು ಇಲ್ಲೇ. ಎಸ್ಟಿಮೇಟಿನಲ್ಲಿ 3 ಮೀಟರ್ ಅಗಲ, 150 ಎಂಎಂ ದಪ್ಪ. ಮೇಸ್ತ್ರಿ ಹಾಕುವುದು ಹತ್ತಡಿ, ಆರಿಂಚು. ಅಂದರೆ 3.048 ಮೀಟರ್, 152.4 ಎಂಎಂ. 300 ಮೀಟರ್ ರಸ್ತೆಗೆ 135 ಕ್ಯೂಬಿಕ್ ಮೀಟರ್ ಕಾಂಕ್ರೀಟು ಸಾಕು, ಬೀಳುವುದು 139ಕ್ಕೂ ಮೇಲೆ. ಆ ನಾಲ್ಕನ್ನು ಯಾವ ಇಂಜಿನಿಯರೂ ಎಂಬಿಯಲ್ಲಿ ಬರೆಯಲ್ಲ. ಸುಮಾರು ಇಪ್ಪತ್ತು ಸಾವಿರ ಸುಮ್ನೆ ಮಣ್ಣುಪಾಲು.

ಮೊದಲು ಎರಡೂ ಗುರುತಿನ ಟೇಪು ಕೊಟ್ಟೆ. ಇಂಚಿನ ಕಡೆಯೇ ನೋಡಿದರು. ಇಂಚಿನ ಮೇಲೆ ಬಣ್ಣ ಬಳಿದೆ, ಸಿಮೆಂಟು ನೀರಿಗೆ ಎದ್ದುಹೋಯಿತು. ಅಡಿಗೆ ಎಷ್ಟು ಮೀಟರ್ ಅನ್ನೋ ಲೆಕ್ಕದ ಪಟ್ಟಿ ಲ್ಯಾಮಿನೇಷನ್ ಮಾಡಿಸಿ ತೂಗುಹಾಕಿದೆ, ಯಾರೂ ಕಣ್ಣೆತ್ತಲಿಲ್ಲ. 'ಅಡಿ ಲೆಕ್ಕಕ್ಕ ಕೈ ಕುಂತೈತ್ರಿ ಸಾವ್ಕಾರ್ರ, ಮೀಟರ್ ಆಗಂಗಿಲ್ಲ' ಅಂತ ಮೇಸ್ತ್ರಿ ಕಡ್ಡಿ ಮುರಿದಂತೆ ಹೇಳಿದ.

ಆಮೇಲೆ ಟೇಪನ್ನೇ ಕೈಬಿಟ್ಟೆ. ಕಾಂಕ್ರೀಟಿನ ಅಂಚಿಗೆ ನಿಲ್ಲಿಸುವ ಆರಿಂಚಿನ ಹಲಗೆ ತೆಗೆಸಿ 150 ಎಂಎಂ ಕಬ್ಬಿಣದ ಚಾನೆಲ್ ಕೂರಿಸಿದೆ. ಅಗಲಕ್ಕೆ 3 ಮೀಟರಿಗೆ ಸರಿಯಾಗಿ ಕತ್ತರಿಸಿದ ಜಿಐ ಪೈಪು. ಎರಡು ಚಾನೆಲ್ ನಡುವೆ ಪೈಪು ಅಡ್ಡ ಇಡು, ತಾಗಿಸು, ಗೂಟ ಹೊಡಿ. ಅಳೆಯುವ ಮಾತೇ ಇಲ್ಲ. ಎರಡೂ ಬದಿಗೆ 30 ಮೀಟರ್ ಚಾನೆಲ್ ಅಂದರೆ ಹತ್ತಿರ ಹತ್ತಿರ ಒಂದು ಟನ್. ಅರವತ್ತು ಸಾವಿರದ ಮೇಲಾಯಿತು, ಮೂರ್ನಾಲ್ಕು ರಸ್ತೆಯಲ್ಲಿ ಹುಟ್ಟಿತು.

ಕೂಲಿಯನ್ನೂ ಬ್ರಾಸ್‌ನಿಂದ ಕ್ಯೂಬಿಕ್ ಮೀಟರಿಗೆ ತಂದೆ. ಒಂದು ಬ್ರಾಸ್ 2.83 ಕ್ಯೂಬಿಕ್ ಮೀಟರ್. ಅದನ್ನು ಮೂರು ಅಂತ ಹಿಡಿದರೆ ಕೂಲಿಯವರ ಹೊಟ್ಟೆಗೆ ಹೊಡೆದಂತೆ. ಅದಕ್ಕೇ ಅವರೆದುರೇ ಫರ್ಮಾ (ಅಳತೆ ಪೆಟ್ಟಿಗೆ) ತುಂಬಿಸಿ ತೋರಿಸಿದೆ. ಹೊಸ ದರ ಹೇಗೆ ಕೂಡಿಸಿದೆ ಅನ್ನೋದು ಮಾತ್ರ ಇಲ್ಲಿ ಹೇಳಲ್ಲ, ಮುಂದಿನ ಟೆಂಡರಿನಲ್ಲಿ ನೀವೇ ನನ್ನೆದುರು ಕೂರುತ್ತೀರಿ ಅಲ್ವಾ?

ಚರಂಡಿ ಸ್ಲ್ಯಾಬಿನ ರಾಡಿಗೂ ಇದನ್ನೇ ನೋಡಿದೆ. 12 ಮೀಟರ್ ರಾಡನ್ನು ನಲವತ್ತಡಿ ಅಂತ ಹತ್ತತ್ತಡಿ ಕತ್ತರಿಸಿದರೆ ನಾಲ್ಕನೇ ತುಂಡು ಏಳೆಂಟು ಇಂಚು ಗಿಡ್ಡ, ಗುಜರಿಗೆ. 3 ಮೀಟರಿಗೆ ಕತ್ತರಿಸಿದರೆ ನಾಲ್ಕೂ ಸಮ. ಮುರ್ರಂ (ಗರಸು ಮಣ್ಣು) ತರುವ ಟಿಪ್ಪರಿನ ಒಳಗೂ ಮೀಟರ್ ಗೆರೆ ಎಳೆಸಿದ್ದೇನೆ, ಡ್ರೈವರುಗಳು ಇನ್ನೂ ಜಗಳಾಡುತ್ತಿದ್ದಾರೆ.